ತಟ್ಟೆಯಲ್ಲಿ ಏನಿತ್ತು?

ನಲವತ್ತೊಂದನೆಯ ವಯಸ್ಸಿನಲ್ಲಿ ನಾನು ಆಹಾರ ಮತ್ತು ಪೋಷಣೆ ಎಂಬ ವಿಷಯದಲ್ಲಿ ಎಂ.ಎಸ್ಸಿ.ಗೆ ಸೇರಿದಾಗ, ಕಾಮಗೆರೆಯ ನಮ್ಮ ಬೀದಿಯವರಿಗೆ ಹುಟ್ಟಿದ್ದು ಹೆಮ್ಮೆಯಲ್ಲ, ಮರುಕ. ಪಾಪ, ಅಡಿಗೆ ಬಾರದ್ದನ್ನು ಇವಳು ಇಷ್ಟು ವರ್ಷ ಹೇಗೋ ಮುಚ್ಚಿಟ್ಟಿದ್ದಳು! ನಮ್ಮತ್ತೆಯಂತೂ, "ಉಣ್ಣಾದ್ನೂ ಕಾಲೇಜ್ಗೋಗಿ ಕಲೀಬೇಕಾ ಕನವ್ವಾ?" ಎಂದರು. ನಾನು ಪ್ರೋಟೀನು, ಕಬ್ಬಿಣಾಂಶ ಎಂದು ವಿವರಿಸತೊಡಗಿದೆ. ನನ್ನ ಮಾತು ಮುಗಿಯುವಷ್ಟರಲ್ಲಿ ಅವರು ಒಂದು ಮೊರ ಅವರೆಕಾಯಿ ಬಿಡಿಸಿದ್ದರು. ಕಲಿತವರ ಮಾತಿನಿಂದ ಇಷ್ಟಾದರೂ ಪ್ರಯೋಜನವಿದೆ ನೋಡಿ.

ಎರಡನೆಯ ವರ್ಷ ಸಂಶೋಧನೆಗೆಂದು ಕೌದಳ್ಳಿಯ ನಲವತ್ತು ಮನೆಗಳಲ್ಲಿ ಹೆಂಗಸರನ್ನು "ನೆನ್ನೆ ಏನೂಟ?" ಎಂದು ಕೇಳಿ ಬರೆದುಕೊಂಡೆ. ಕೂಲಿಗೆ ಹೋಗುವ ಚಿಕ್ಕತಾಯಮ್ಮ ನಿಂತಲ್ಲೇ ಒಪ್ಪಿಸಿದಳು: ಮುದ್ದೆ, ಹುರುಳಿಕಾಳಿನ ಸಾರು, ಅನ್ನ, ಮಜ್ಜಿಗೆ. ಫಾರಂ ಪ್ರಕಾರ ಆಕೆಗೆ ಯಾವ ಕೊರತೆಯೂ ಇರಲಿಲ್ಲ. ಮಾತಿನ ನಡುವೆ ಏದುಸಿರು ಬಿಡುತ್ತಿದ್ದಳು. ಆದರೆ ನಾನು ನೋಡುತ್ತಿದ್ದುದು ಫಾರಮ್ಮನ್ನು.

ವಾರದ ನಂತರ, ಮರೆತ ಸಹಿಯೊಂದಕ್ಕಾಗಿ ಮಧ್ಯಾಹ್ನ ಅವಳ ಮನೆಗೆ ಹೋದೆ. ಒಲೆಯ ಪಕ್ಕ ಕುಳಿತು ಮುದ್ದೆಯ ಚೂರನ್ನು ಸಾರಿನ ತಿಳಿಯಲ್ಲಿ ಅದ್ದಿ ನುಂಗುತ್ತಿದ್ದಳು.

"ಕಾಳೆಲ್ಲಿ ಅವ್ವಾ?"

"ಮಕ್ಳಿಗೂ ಅವ್ರಿಗೂ ಆಕ್ದೆ."

"ಅವತ್ತು ಕಾಳು, ಮಜ್ಜಿಗೆ ಎಲ್ಲಾ ಅಂದಿದ್ರಿ?"

"ನೀವು ಏನೂಟ ಅಂದ್ರಿ, ಮಾಡಿದ್ದ ಯೋಳ್ದೆ. ನಾ ಉಂಡಿದ್ದ ಯಾರ್ ಕೇಳಾರು ಕನಕ್ಕಾ?"

ಜಗಲಿಯಲ್ಲಿ ಹಗ್ಗ ಹೊಸೆಯುತ್ತಿದ್ದ ಅವಳ ಗಂಡ ಮಾದೇವನ ಕೈ ನಿಂತಿತು.

ಒಂದು ಮನೆಯ ಲೆಕ್ಕ ತಪ್ಪಿದರೆ ನಲವತ್ತೂ ತಪ್ಪಿರಬಹುದು. ವರದಿ ಒಪ್ಪಿಸಲು ಮೂರೇ ವಾರ ಉಳಿದಿತ್ತು. ಯಾರಿಗೆ ಗೊತ್ತಾಗುತ್ತದೆ, ಸುಮ್ಮನಿದ್ದುಬಿಡೋಣ ಎಂದು ಹನೂರು ಬರುವವರೆಗೂ ಬಸ್ಸಿನಲ್ಲಿ ನನಗೆ ನಾನೇ ಹೇಳಿಕೊಂಡೆ. ಹನೂರಿನಲ್ಲಿ ಇಳಿದು ಚಹಾ ಕುಡಿಯುವಾಗ ಆ ಏದುಸಿರು ನೆನಪಾಯಿತು. ಮಾರನೆಯ ದಿನ ಚಿಕ್ಕತಾಯಮ್ಮನನ್ನು ಆಸ್ಪತ್ರೆಗೆ ಕರೆದೊಯ್ದೆ. ರಕ್ತ ತೀರ ಕಡಿಮೆ ಇತ್ತು, ಮಾತ್ರೆ ಕೊಟ್ಟರು. ಆಮೇಲೆ ನಲವತ್ತೂ ಮನೆಗಳ ಬಾಗಿಲನ್ನು ಮತ್ತೆ ತಟ್ಟಿದೆ. ಈ ಸಲದ ಪ್ರಶ್ನೆ ಬೇರೆ: "ನಿಮ್ಮ ತಟ್ಟೇಲಿ ಏನಿತ್ತು?" ಕೆಲವರು ನಕ್ಕರು, ಒಬ್ಬಾಕೆ ಮೊರ ಎತ್ತಿಕೊಂಡು ಒಳಗೆ ಹೋದಳು. ನನ್ನ ಪದವಿ ಆರು ತಿಂಗಳು ತಡವಾಯಿತು. ಬೀದಿಯವರು ಅಡಿಗೆಯಲ್ಲೇ ಫೇಲಾದೆ ಎಂದುಕೊಂಡರು.

ಕೊನೆಯ ಸಲ ಹೋದಾಗ ಚಿಕ್ಕತಾಯಮ್ಮನ ಮುಖಕ್ಕೆ ಸ್ವಲ್ಪ ಕಳೆ ಬಂದಿತ್ತು.

"ನೆನ್ನೆ ಅರ್ಧ ಮೊಟ್ಟೆ ತಿಂದೆ, ಬರ್ಕಳಿ."

"ಅರ್ಧವೇ?"

"ಅವ್ರು ಅರ್ಧ ತಿಂದು, ಒಟ್ಟೆ ತುಂಬೋಯ್ತು, ಇನ್ನರ್ಧ ನೀ ತಿನ್ನು ಅಂದ್ರು." ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಸುಳ್ಳು ಕನಕ್ಕಾ. ಅವ್ರ ಒಟ್ಟೆ ನಂಗೊತ್ತಿಲ್ವಾ?"

ಅರ್ಧ ಮೊಟ್ಟೆ ಎಂದು ಬರೆದುಕೊಂಡೆ. ಅದರಲ್ಲಿ ಪ್ರೋಟೀನು ಎಷ್ಟೆಂದು ಪುಸ್ತಕ ಹೇಳುತ್ತದೆ. ಆ ಸುಳ್ಳಿನಲ್ಲಿ ಎಷ್ಟಿತ್ತೆಂದು ಹೇಳುವ ಪಾಠ ಇನ್ನೂ ಸಿಲಬಸ್ಸಿಗೆ ಬಂದಿಲ್ಲ.