ಔಷಧಿ ಇಲ್ಲದ ಕಾಳು

ಮೊನ್ನೆ ಸಿರುಗುಪ್ಪದ ಬೀಜದಂಗಡಿಯಲ್ಲಿ ಬಿಟಿ ಹತ್ತಿಯ ಪಾಕೀಟು ಕೊಂಡು, ಹಳೆಯ ರೂಢಿಯಂತೆ ಜೊತೆಗಿರುವ ಸಣ್ಣ ಪಾಕೀಟಿಗಾಗಿ ತಡಕಾಡಿದೆ. ಇರಲಿಲ್ಲ. "ಈಗ ಅದು ಬ್ಯಾರೆ ಬರಂಗಿಲ್ರಿ, ಒಳಗ ಬೆರೆಸಿರ್ತಾರ" ಎಂದ ಅಂಗಡಿಯವ. ಅಂಗಡಿಯ ಕ್ರಿಮಿನಾಶಕದ ಘಾಟು ಮೂಗಿಗೆ ಬಡಿಯಿತು. ದೊಡ್ಡಮ್ಮ ನೆನಪಾದರು...

ನಮ್ಮೂರು ಬಾದನಹಟ್ಟಿಯಲ್ಲಿ ಅವರು ನಮ್ಮ ಪಕ್ಕದ ಮನೆಯವರು. ರಕ್ತಸಂಬಂಧವೇನಿಲ್ಲ, ಕರೆಯುತ್ತಿದ್ದುದು ಹಾಗೆ. ಗಂಡ ಇರಲಿಲ್ಲ, ಹೊಲ ಇರಲಿಲ್ಲ. ಇದ್ದದ್ದು ಒಂದು ಎಮ್ಮೆ, ಅದರ ಹಾಲಿನ ಮೇಲೇ ಅವರ ಬದುಕು. ಬಿಟಿ ಹತ್ತಿ ಊರಿಗೆ ಹೊಸದಾಗಿ ಬಂದ ವರ್ಷ ಅದು ಗಬ್ಬವಾಗಿತ್ತು. "ಈದ ಮ್ಯಾಲ ಮೊದಲ ಗಿಣ್ಣ ನಿನಗ ಲೇ" ಎನ್ನುತ್ತಿದ್ದರು.

ಆ ಸಣ್ಣ ಪಾಕೀಟಿನಲ್ಲಿ ಇರುತ್ತಿದ್ದುದು ಸಾದಾ ಹತ್ತಿಯ ಬೀಜ. ಹೊಲದ ಸುತ್ತ ಅದನ್ನು ಊರಬೇಕು. ಅದನ್ನೂ ತಿಂದು ಬೆಳೆದರೆ ಹುಳ, ತನ್ನನ್ನು ಕೊಲ್ಲುವ ಬಿಟಿ ಗಿಡದ ಗುಣಕ್ಕೆ ಒಗ್ಗಿಕೊಳ್ಳುವುದಿಲ್ಲವಂತೆ. ಹುಳಕ್ಕೆಂದು ಬೆಳೆ ಯಾರು ಬೆಳೆದಾರು? ಎಲ್ಲರೂ ಬದುವಿಗೆ ಎಸೆದರು. ದೊಡ್ಡಮ್ಮ ಅವನ್ನೆಲ್ಲ ಆರಿಸಿ ಉಡಿಯಲ್ಲಿ ತಂದರು. ಹತ್ತಿಕಾಳು ಎಮ್ಮೆಗೆ ಒಳ್ಳೆಯದಲ್ಲವೇ...

ನಾನು ಬಳ್ಳಾರಿಯಲ್ಲಿ ಡಿಗ್ರಿ ಓದುತ್ತಿದ್ದವನು, ಓಣಿಗೆಲ್ಲ ಪಂಡಿತ.

"ಕೆಂಪಗ ಐತಲ್ಲೋ ತಮ್ಮಾ, ಔಷಧಿ ಐತೇನು?"

"ಬಿಟಿ ಗಿಡದಾಗ ಔಷಧಿ ಹುಟ್ಟಾ ಇರತೈತಿ ದೊಡ್ಡಮ್ಮ. ಇದು ಸಾದಾ ಹತ್ತಿ. ಇದರಾಗ ಔಷಧಿ ಇಲ್ಲ."

ಪಾಕೀಟಿನ ಮುಂಬದಿ ಓದಿ ಹೇಳಿದ ಮಾತು. ಹುಳ ಕೊಲ್ಲುವ ಗುಣ ಆ ಗಿಡಕ್ಕಿಲ್ಲ ಎಂಬುದೇನೋ ನಿಜ. ಮೊಳಕೆಗೆ ಹುಳ ಹತ್ತದಂತೆ ಬೀಜದ ಮೈಗೆ ಬಳಿದ ಕೆಂಪು ವಿಷವೇ ಬೇರೆ ಎಂಬುದು ಪಂಡಿತನ ತಲೆಗೆ ಹೊಳೆಯಲಿಲ್ಲ.

ಕಾಳು ನೆನೆಹಾಕಿ, ರುಬ್ಬಿ ಎಮ್ಮೆಯ ಮುಂದಿಟ್ಟರು. ಸಂಜೆಗೆ ಅದು ಜೊಲ್ಲು ಸುರಿಸಿ, ನಡುಗಿ ಕುಸಿಯಿತು. ಕುರುಗೋಡಿನಿಂದ ದನದ ಡಾಕ್ಟರು ಬರುವಷ್ಟರಲ್ಲಿ ಹೊಟ್ಟೆಯ ಕರುವಿನ ಸಮೇತ ಸತ್ತಿತ್ತು. "ಯಾರಮ್ಮ ನಿನಗ ಇದನ್ನ ತಿನ್ಸು ಅಂದವರು?" ಎಂದು ಡಾಕ್ಟರು ಗದರಿದರು. ನಾನು ಅಲ್ಲೇ ನಿಂತಿದ್ದೆ.

"ಯಾರೂ ಇಲ್ರಿ. ನನಗ ಓದಾಕ ಬರಂಗಿಲ್ಲ, ನಾನ ಹಾಕೀನಿ" ಎಂದರು ದೊಡ್ಡಮ್ಮ. ನನ್ನ ಕಡೆ ನೋಡಲೂ ಇಲ್ಲ. ನಾನು ಬಾಯಿ ಬಿಡಲಿಲ್ಲ. ಅದಕ್ಕೆ ಇವತ್ತಿಗೂ ನನ್ನ ಮೇಲೆ ನನಗೆ ಅಸಹ್ಯವಿದೆ.

ಮುಂದೆ ಅವರು ಬಳ್ಳಾರಿಗೆ ಹೋಗಿ, ಆ ವಯಸ್ಸಿನಲ್ಲಿ ಜೀನ್ಸ್ ಹೊಲಿಯುವಲ್ಲಿ ದಾರ ಕತ್ತರಿಸುವ ಕೆಲಸಕ್ಕೆ ಸೇರಿದರು. ಅಲ್ಲೇ ತೀರಿಕೊಂಡರಂತೆ... ನನಗೆ ಸುದ್ದಿ ಬಂದದ್ದು ಮಣ್ಣಾದ ಮೇಲೆ.

ಸಿರುಗುಪ್ಪದ ಬಸ್ ಸ್ಟ್ಯಾಂಡಿನಲ್ಲಿ ಕೂತು ಪಾಕೀಟು ತಿರುಗಿಸಿದೆ. ಹಿಂಬದಿಯಲ್ಲಿ ಸಣ್ಣ ಅಕ್ಷರಗಳು: ವಿಷ ಲೇಪಿಸಿದ ಬೀಜ, ದನಕರುಗಳಿಗೆ ತಿನ್ನಿಸಬಾರದು. ಆವತ್ತೂ ಇದ್ದಿರಬೇಕು, ನಾನು ತಿರುಗಿಸಿ ಓದಿರಲಿಲ್ಲ. ಔಷಧಿ ಇಲ್ಲ ಎಂದವನು ನಾನೇ, ತಪ್ಪಾಯಿತು ಎನ್ನೋಣವೆಂದರೆ ದೊಡ್ಡಮ್ಮ ಇಲ್ಲ. ಓದು ಬಾರದವರು ಅವರೊಬ್ಬರೇ ಎಂದು ಊರು ಇನ್ನೂ ನಂಬಿಕೊಂಡಿದೆ.