ಬಡಿಸುವವನ ತಪ್ಪು

ನಮ್ಮ ಶೂಟಿಂಗ್ ಕ್ಲಬ್ಬಿನಲ್ಲಿ ಪಿಸ್ತೂಲು ರಿಪೇರಿ ಮಾಡುತ್ತಿದ್ದ ನನ್ನ ಗೆಳೆಯ ಸದಾ ನಮ್ಮ ಬೆನ್ನ ಹಿಂದೆಯೇ ನಿಂತಿರುತ್ತಿದ್ದ. ಗುಂಡು ಸಿಕ್ಕಿಕೊಂಡಿತೆಂದು ಯಾರಾದರೂ ಪಿಸ್ತೂಲಿಗೆ ಶಾಪ ಹಾಕಿದರೆ, "ಉಣ್ಣೋನನ್ನ ಯಾಕೋ ಬೈತೀಯ? ಬಡಿಸೋನು ತೂಕಡಿಸ್ತಿದಾನೆ, ಕೊಡಿಲ್ಲಿ" ಎಂದು ಪಿಸ್ತೂಲಿಗೆ ಒಂದೊಂದೇ ಗುಂಡು ಉಣಿಸುವ ಮ್ಯಾಗಜಿನ್ನಿಗೆ ಕೈಯೊಡ್ಡುವನು. ಗುಂಡುಗಳನ್ನು ತೆಗೆದಿಟ್ಟು, ಅದರ ಬಾಯಂಚು ಸೊಟ್ಟಗಾಗಿದೆಯೇ ಎಂದು ಉಗುರಿನಿಂದ ಸವರುವನು, ಸ್ಪ್ರಿಂಗನ್ನು ಮಗುವಿನ ಹೊಟ್ಟೆಯಂತೆ ಒತ್ತಿ ನೋಡುವನು. ಕೆಟ್ಟಿದ್ದರೆ ಇನ್ನೊಬ್ಬರ ಕೈಗೆ ಸಿಗದಿರಲೆಂದು ಜೇಬಿಗಿಳಿಸುವನು. ಆ ಭಾರಕ್ಕೆ ಅವನ ಅಂಗಿಗಳೆಲ್ಲ ಎಡಕ್ಕೆ ಜೋತುಬಿದ್ದಿದ್ದವು. "ಮದುವೆಮನೆಗೂ ಇದನ್ನೇ ಹೊತ್ಕೊಂಡು ಬರ್ತಾರಲ್ಲ ಅಣ್ಣ" ಎಂದು ಅವನ ಹೆಂಡತಿ ನನ್ನಲ್ಲಿ ದೂರುತ್ತಿದ್ದಳು. ಅವನು ತೀರಿಕೊಂಡ ಮೇಲೆ ಮೊದಲ ಸಲ ಮೊನ್ನೆ ನನ್ನ ಗುಂಡು ಸಿಕ್ಕಿಕೊಂಡಿತು. ಗುರಿಯಿಂದ ಕಣ್ಣು ತೆಗೆಯದೆ ಮ್ಯಾಗಜಿನ್ ಕಳಚಿ, ಎಂದಿನಂತೆ ಹಿಂದಕ್ಕೆ ಕೈ ಚಾಚಿದೆ. ಬಹಳ ಹೊತ್ತು ಹಾಗೇ ಚಾಚಿಕೊಂಡೇ ಇದ್ದೆ.