ಟೇಪು ಬಿಡಿಸುವ ಅಂಟಕ್ಕ

ಎದುರಿನ ನೀರಿನ ಟ್ಯಾಂಕಿನ ಮರೆಯಿಂದ ಸೂರ್ಯ ಇಣುಕಿದ ಮೇಲೆ ಅಂಟಕ್ಕನಿಗೆ ಸಿಗುವುದು ಐವತ್ತು ನಿಮಿಷ. ಅಷ್ಟು ಹೊತ್ತು ಬೆಳಕು ಕಿಟಕಿಯಿಂದ ಮೇಜಿನ ಮೇಲೆ ಓರೆಯಾಗಿ ಬೀಳುತ್ತದೆ. ಓರೆ ಬೆಳಕಿನಲ್ಲಿ ಹಳೆಯ ಕಾಗದ ಏನನ್ನೂ ಮುಚ್ಚಿಡುವುದಿಲ್ಲ. ಮಡಿಕೆ, ಉಬ್ಬು, ಹರಕು, ಹಚ್ಚಿದ ಟೇಪಿನ ಅಂಚು ಎಲ್ಲವೂ ಎದ್ದು ಕಾಣುತ್ತವೆ. ಬಿಸಿಲು ನೆತ್ತಿಯ ಕಡೆ ಹೊರಟಿತೋ, ಕಾಗದ ಮತ್ತೆ ಸಾಧುವಿನಂತೆ ಚಪ್ಪಟೆಯಾಗಿ ಮಲಗಿಬಿಡುತ್ತದೆ.

ಇವತ್ತು ಮೇಜಿನ ಮೇಲಿರುವುದು ಐವತ್ತು ವರ್ಷ ಹಳೆಯ ಸಾಹಸ ಚಿತ್ರಕಥೆಯ ಸಂಚಿಕೆ. ಒಂಟಿಗಣ್ಣಿನ ನಾವಿಕನೊಬ್ಬ ಮುಳುಗುವ ಹಡಗಿನ ಕಂಬಕ್ಕೆ ಜೋತುಬಿದ್ದಿದ್ದಾನೆ. ಅವನ ಮುಖದ ಮೇಲೆ ಹಳೆಯ ಟೇಪಿನ ಬೆರಳಗಲದ ಕಂದು ಪಟ್ಟಿ. ಇದ್ದ ಒಂದು ಕಣ್ಣೂ ಅದರಲ್ಲಿ ಮುಳುಗಿದೆ. ಅಂಟಕ್ಕ ಸೊಸೆಯ ಹೇರ್ ಡ್ರೈಯರನ್ನು ಗೇಣು ದೂರದಲ್ಲಿ ಹಿಡಿದು ಪಟ್ಟಿಗೆ ಬಿಸಿ ತಾಗಿಸುತ್ತಾರೆ. ಮೊಂಡು ಚಾಕುವಿನ ತುದಿಯನ್ನು ಅಂಚಿನ ಕೆಳಗೆ ತೂರಿಸುತ್ತಾರೆ. ಕೂದಲೆಳೆಯಷ್ಟು ಸರಿಯುತ್ತದೆ. ಮತ್ತೆ ಬಿಸಿ, ಮತ್ತೆ ಚಾಕು.

"ಈಗ ಮಾತಾಡಿಸ್ಬೇಡಿ, ನಗಿಸಲೂಬೇಡಿ. ನಂಗೊಂದು ಸೀನು ಬಂದ್ರೆ ಇವನ ಮೂಗು ಹೋಗುತ್ತೆ" ಎನ್ನುತ್ತಾರೆ, ಕಣ್ಣು ಎತ್ತದೆ.

ಒಂದು ಬೆಳಗಿಗೆ ಎರಡು ಹಾಳೆ; ಅದಕ್ಕಿಂತ ಹೆಚ್ಚು ಆಗುವುದಿಲ್ಲ. ಮೋಡ ಕವಿದ ದಿನ ಅದೂ ಇಲ್ಲ. ಟೇಪು ಎದ್ದ ಮೇಲೆ ಉಳಿದ ಜಿಗುಟನ್ನು ರಬ್ಬರಿನಿಂದ ಉಜ್ಜಿ ತೆಗೆಯಬೇಕು, ಹರಕಿಗೆ ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಕಾಗದವನ್ನು ಮೈದಾ ಅಂಟಿನಲ್ಲಿ ಕೂರಿಸಬೇಕು, ತುಕ್ಕು ಹಿಡಿದ ಪಿನ್ನು ಕಿತ್ತು ದಾರದಿಂದ ಹೊಲಿಯಬೇಕು. ಮೂವತ್ತೆರಡು ಪುಟದ ಒಂದು ಸಂಚಿಕೆಗೆ ಮೂರು ವಾರ ಬೇಕು. ಹೀಗೆ ಆರು ವರ್ಷದಲ್ಲಿ ಈ ನಾವಿಕನ ಕಥೆಯ ಎಂಬತ್ತೊಂಬತ್ತು ಸಂಚಿಕೆ ಮುಗಿದಿವೆ. ಐವತ್ತೊಂದು ಬಾಕಿ. ಬಿಡಿಸಿದ ಟೇಪನ್ನು ಅಂಟಕ್ಕ ಎಸೆಯುವುದಿಲ್ಲ. ಒಂದರ ಮೇಲೊಂದು ಸುತ್ತುತ್ತಾ ಬಂದಿದ್ದಾರೆ. ಕಿಟಕಿಯ ಕಟ್ಟೆಯ ಮೇಲಿನ ಆ ಕಂದು ಉಂಡೆ ಈಗ ತೆಂಗಿನಕಾಯಿ ಗಾತ್ರಕ್ಕೆ ಬಂದಿದೆ.

ಐವತ್ತೆಂಟು ವರ್ಷದ ಈ ಹೆಂಗಸಿಗೆ ಮನೆಯಲ್ಲಿಟ್ಟ ಹೆಸರು ಬೇರೆ ಇದೆ. ಆದರೆ ಹಳೆಯ ಚಿತ್ರಕಥೆ, ಪತ್ತೇದಾರಿ ಮಾಸಿಕ, ಸಾಹಸ ಕಥೆಗಳ ಅಗ್ಗದ ಪುಸ್ತಕಗಳನ್ನು ಕೂಡಿಡುವ ಮಂದಿಗೆ ಅವರು ಅಂಟಕ್ಕ. ಈ ಹವ್ಯಾಸದವರು ತಮ್ಮ ಸಂಗ್ರಹದ ಬಗ್ಗೆ ಗಂಟೆಗಟ್ಟಲೆ ಹೇಳುತ್ತಾರೆ: ಯಾವ ರದ್ದಿ ಅಂಗಡಿಯಲ್ಲಿ ಯಾವ ಸಂಚಿಕೆ ಸಿಕ್ಕಿತು, ಯಾರ ಅಟ್ಟದಿಂದ ಯಾವುದು ಇಳಿಯಿತು. ಅದನ್ನು ರಿಪೇರಿ ಮಾಡಿದವರು ಯಾರೆಂದು ಕೇಳಿದರೆ, "ಹೋ ಅದಾ, ಸೈಕಲ್ ಶಾಪ್ ಮೇಲೆ ಒಬ್ಬರಿದ್ದಾರೆ" ಎಂದು ಕೈ ತೋರಿಸುತ್ತಾರೆ ಅಷ್ಟೆ.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಬೈಂಡಿಂಗ್ ಅಂಗಡಿ ಸೇರಿದಾಗ ಅವರಿಗೆ ಹದಿನಾಲ್ಕು. ಮಡಿಸುವುದು, ಹೊಲಿಯುವುದು, ಲೇಬಲ್ ಅಂಟಿಸುವುದು ಕೆಲಸ. ಬೈಂಡಿಂಗಿಗೆ ಬರುತ್ತಿದ್ದ ಚಿತ್ರಕಥೆಗಳನ್ನು ಲೆಕ್ಕದ ಪುಸ್ತಕಗಳ ರಾಶಿಯ ಕೆಳಗಿಟ್ಟುಕೊಂಡು ಕದ್ದು ಓದುತ್ತಿದ್ದರು. "ಗಂಡು ಹುಡುಗರು ಓದೋದನ್ನ ನಾನು ಓದ್ತೀನಿ ಅಂತ ಹೇಳ್ಕೊಳ್ಳೋಕೆ ನಾಚಿಕೆ. ಅಡುಗೆ ಪುಸ್ತಕ ಓದಿದ್ರೆ ಯಾರೂ ಏನೂ ಅಂತಿರ್ಲಿಲ್ಲ ನೋಡಿ" ಎನ್ನುತ್ತಾರೆ. ಮದುವೆಯಾದ ಮೇಲೆ ಪುಸ್ತಕಗಳು ಹಾಸಿಗೆಯಡಿ ಸೇರಿದವು. ಬಸ್ ಮೆಕ್ಯಾನಿಕ್ ಆಗಿದ್ದ ಗಂಡನಿಗೆ ಸಿಕ್ಕಿಬಿದ್ದ ದಿನ ಅವನು ಊರಿಗೆಲ್ಲ ಹೇಳಿ ನಕ್ಕ: "ನನ್ ಹೆಂಡ್ತಿ ಕಾಡಲ್ಲಿ ಸಿಂಹದ ಜೊತೆ ಕುಸ್ತಿ ಆಡ್ತಾಳೆ. ಮನೇಲಿ ಹಲ್ಲಿ ಕಂಡ್ರೆ ಸ್ಟೂಲ್ ಹತ್ತುತ್ತಾಳೆ."

ನಾಚಿಕೆಯ ಜೊತೆ ಸಂಸಾರ ಮಾಡುವುದು ನಮ್ಮಲ್ಲಿ ಬಹಳ ಹೆಂಗಸರಿಗೆ ಚಿಕ್ಕಂದಿನಿಂದಲೇ ರೂಢಿ. ತಪ್ಪೇ ಅಲ್ಲದ್ದಕ್ಕೆ ನಾಚುತ್ತಾ ನಾಚುತ್ತಾ, ನಿಜವಾಗಿ ತಪ್ಪು ಮಾಡಿದ ದಿನ ಏನು ಮಾಡಬೇಕೆಂದು ತಿಳಿಯದೆ ಹೋಗುತ್ತದೆ. ಅಂಟಕ್ಕನಿಗೆ ಆದದ್ದೂ ಅದೇ.

ಇಪ್ಪತ್ತೆರಡು ವರ್ಷದ ಹಿಂದೆ ನಿವೃತ್ತ ಪೋಸ್ಟ್ ಮಾಸ್ತರರೊಬ್ಬರು ಒಂದು ತಗಡಿನ ಪೆಟ್ಟಿಗೆ ಹೊತ್ತು ಮೆಟ್ಟಿಲು ಹತ್ತಿ ಬಂದರು. ಒಳಗೆ ನಾವಿಕನ ಕಥೆಯ ಪೂರ್ತಿ ನೂರ ನಲವತ್ತು ಸಂಚಿಕೆಗಳು. ಮೂವತ್ತು ವರ್ಷ ಹುಡುಕಿ ಕೂಡಿಸಿದ್ದು. ಬೆನ್ನು ಹರಿದಿತ್ತು, ಹಾಳೆ ಬಿಟ್ಟಿತ್ತು. ಆಗಷ್ಟೇ ಮನೆಯಲ್ಲೇ ರಿಪೇರಿ ಶುರುಮಾಡಿದ್ದ ಅಂಟಕ್ಕ ತನಗೆ ಗೊತ್ತಿದ್ದ ಅತ್ಯುತ್ತಮ ಔಷಧಿ ಮಾಡಿದರು. ಹೊಳೆಯುವ ಪಾರದರ್ಶಕ ಟೇಪು ತಂದು, ಪ್ರತಿ ಹರಕಿಗೂ ಎರಡೂ ಬದಿ ಹಚ್ಚಿದರು. ನಾಲ್ಕು ತಿಂಗಳ ಕೆಲಸ. ಪುಸ್ತಕಗಳು ಮದುಮಕ್ಕಳಂತೆ ಮಿಂಚಿದವು. ಮಾಸ್ತರರು ಒಂದೊಂದನ್ನೂ ತೆರೆದು ನೋಡಿ, "ನೀನು ಡಾಕ್ಟರು ಕಣಮ್ಮಾ" ಎಂದರು. ಅವರೇ ಹತ್ತು ಮಂದಿಗೆ ಹೇಳಿದ್ದರಿಂದ ಅಂಟಕ್ಕನಿಗೆ ಗಿರಾಕಿಗಳೂ ಬಂದರು, ಅಡ್ಡಹೆಸರೂ ಬಂತು.

ಆರು ವರ್ಷದ ಹಿಂದೆ ಮಾಸ್ತರರು ಅದೇ ಪೆಟ್ಟಿಗೆಯನ್ನು ಮತ್ತೆ ತಂದರು. ಈ ಸಲ ಜೊತೆಗೆ ಹೆಂಡತಿಯೂ ಇದ್ದರು. ಅಷ್ಟು ಹೊತ್ತಿಗೆ ಟೇಪಿನ ಸಹವಾಸ ಬಿಟ್ಟು ಮೈದಾ ಅಂಟಿಗೆ ಹೊರಳಿ ವರ್ಷಗಳಾಗಿದ್ದ ಅಂಟಕ್ಕ ಮೇಲಿನ ಸಂಚಿಕೆ ತೆರೆದರು. ಪ್ಲಾಸ್ಟಿಕ್ಕು ಒಣಗಿ ಸೆಟೆದಿತ್ತು. ಅಂಟು ಕಾಗದದೊಳಗೆ ಇಳಿದು, ಹಿಂದಿನ ಪುಟಕ್ಕೂ ಹಾದು, ಎಣ್ಣೆಯ ಕಲೆಯಂತೆ ಹಬ್ಬಿತ್ತು.

"ಯಾವ ಪುಣ್ಯಾತ್ಮನ ಕೆಲಸ ಇದು? ಕೈಗೆ ಬರೆ ಹಾಕ್ಬೇಕು!" ಎಂದು ಬೈದೇಬಿಟ್ಟರು.

ಹದಿನಾರು ವರ್ಷದಲ್ಲಿ ಎಷ್ಟೋ ಪುಸ್ತಕ ಕೈಮೇಲೆ ಹಾದುಹೋಗಿದ್ದವು; ಇದು ತಕ್ಷಣ ನೆನಪಾಗಿರಲಿಲ್ಲ. ಬೈದ ಮೇಲೆ ಟೇಪಿನ ತುದಿ ಕಂಡಿತು. ಸಾಸಿವೆಯಷ್ಟು ಮೂಲೆ ಒಳಕ್ಕೆ ಮಡಿಸಿ ಒತ್ತಿತ್ತು. ತುದಿ ಏಳಬಾರದೆಂದು ಬೈಂಡಿಂಗ್ ಅಂಗಡಿಯಲ್ಲಿ ಲೇಬಲ್ಲಿಗೆ ಅವರು ತಾವೇ ಕಂಡುಕೊಂಡಿದ್ದ ಉಪಾಯ ಅದು. ಹಾಗೆ ಮಡಿಸುವವರು ಬೇರೆ ಯಾರೂ ಇರಲಿಲ್ಲ.

ಮಾಸ್ತರರಿಗೆ ಹಳೆಯ ಟೇಪಿನ ನೆನಪೇ ಇದ್ದಂತಿರಲಿಲ್ಲ. "ಯಾಕಮ್ಮಾ ಹೀಗಾಯ್ತು?" ಎಂದು ಕೇಳಿದರು.

"ಬಾಯಿ ತೆಗೆದೆ. 'ತೇವ' ಅಂತ ಬಂತು. ಒಂದೇ ಒಂದು ಮಾತು" ಎನ್ನುವಾಗ ಅಂಟಕ್ಕನ ಕೈ ಮೇಜಿನ ಮೇಲೆ ಇಲ್ಲದ ಧೂಳನ್ನು ಒರೆಸುತ್ತಿರುತ್ತದೆ. "ಅವರು ತಿರುಗಿ ಹೆಂಡ್ತೀನ ನೋಡಿದ್ರು. ಪೆಟ್ಟಿಗೆ ಬಚ್ಚಲ ಗೋಡೆ ಪಕ್ಕ ಇಟ್ಟಿದ್ದು ಆಯಮ್ಮ ಅಂತೆ. ಆ ನೋಟ ನನ್ನ ಮೇಲೆ ಬೀಳ್ಬೇಕಿತ್ತು."

ಸಂಚಿಕೆಗಳನ್ನು ಒಂದೊಂದಾಗಿ ರಿಪೇರಿಗೆ ತರುವುದೆಂದಾಯಿತು. ಆ ಸಂಜೆಯೇ ಮಾಸ್ತರರ ಮನೆಯಲ್ಲಿ ಜಾಗ ಬದಲಾಯಿತು. ಪೆಟ್ಟಿಗೆ ಒಣ ಕೋಣೆಗೆ ಬಂತು. ಆ ಕೋಣೆಯಲ್ಲಿದ್ದ ಹೆಂಡತಿಯ ಹೊಲಿಗೆ ಮಷೀನು ಬಚ್ಚಲ ಗೋಡೆಯ ಪಕ್ಕಕ್ಕೆ ಹೋಯಿತು. ಎರಡನೇ ವರ್ಷಕ್ಕೆ ಅದರ ಚಕ್ರ ತುಕ್ಕು ಹಿಡಿದು ನಿಂತಿತು. ನಲವತ್ತು ವರ್ಷ ನೆರೆಹೊರೆಯವರ ಬಟ್ಟೆ ಹೊಲಿದಿದ್ದ ಹೆಂಗಸು ಹೊಲಿಗೆ ಬಿಟ್ಟರು. ಮಕ್ಕಳಿಗೂ ಅದೊಂದು ತಮಾಷೆಯಾಯಿತು: "ಅಮ್ಮನ ಕೈಗೆ ಪುಸ್ತಕ ಕೊಡ್ಬೇಡಿ, ನೆನೆಹಾಕ್ಬಿಡ್ತಾಳೆ."

ಎರಡು ವರ್ಷದ ಹಿಂದೆ ಮಾಸ್ತರರು ತೀರಿಕೊಂಡರು. ಹೆಂಡತಿ ಪುಸ್ತಕ ತರುವುದನ್ನು ನಿಲ್ಲಿಸಲಿಲ್ಲ. ಮೂರು ವಾರಕ್ಕೊಮ್ಮೆ ಬಟ್ಟೆಯ ಚೀಲದಲ್ಲಿ ಒಂದು ಸಂಚಿಕೆ ತಂದು, ಮುಗಿದದ್ದನ್ನು ಒಯ್ಯುತ್ತಿದ್ದರು. ಬಂದರೆ ಒಂದು ಗಂಟೆ ಕೂತು, ಮಂಡಿನೋವು, ಸೊಸೆಯಂದಿರು, ನಾವಿಕ ಎಲ್ಲರ ಸುದ್ದಿಯನ್ನೂ ಮಾತಾಡಿಯೇ ಎದ್ದುಹೋಗುತ್ತಿದ್ದುದು. ಅಂಟಕ್ಕ ಈ ಪುಸ್ತಕಗಳಿಗೆ ಕೂಲಿ ಮುಟ್ಟಿದವರಲ್ಲ. ಅದನ್ನು ದೊಡ್ಡ ಮನಸ್ಸು ಎಂದುಕೊಂಡ ಆ ತಾಯಿಯೇ ನಮ್ಮ ಪತ್ರಿಕೆಯ ಕಚೇರಿಗೆ ಬಂದು, "ಇಂಥವರ ಬಗ್ಗೆ ನೀವು ಬರೆಯೋಲ್ವಾ?" ಎಂದು ಕೇಳಿದ್ದು. ಹಾಗಾಗಿಯೇ ನಾನು ಈ ಮೆಟ್ಟಿಲು ಹತ್ತಿದ್ದು.

ನನ್ನ ಮೂರನೆಯ ಭೇಟಿಯ ದಿನ ಆ ತಾಯಿಯೂ ಬಂದು ಕಿಟಕಿಯ ಬಳಿಯ ಸ್ಟೂಲಿನ ಮೇಲೆ ಕೂತಿದ್ದರು. ಕೈಯಲ್ಲಿ ಚಹಾದ ಲೋಟ.

"ಬರ್ಕೊಳ್ಳಿ, ಆರು ವರ್ಷದಿಂದ ಒಂದು ಕಾಸು ತಗೊಂಡಿಲ್ಲ ಇವಳು. ನಾನು ಹಾಳು ಮಾಡಿದ್ದನ್ನ ಕೂತು ಸರಿ ಮಾಡ್ತಿದ್ದಾಳೆ. ಬಚ್ಚಲ ಗೋಡೆ ಪಕ್ಕ ಇಟ್ಟೆ ನೋಡಿ, ನನ್ನ ಬುದ್ಧಿಗಿಷ್ಟು..."

"ಸಾಕು ಬಿಡಿ ಅಕ್ಕಾ."

"ಯಾಕೆ ಬಿಡ್ಲಿ? ಹೊಗಳಿದ್ರೆ ಮೈ ಕಡಿಯುತ್ತಾ ನಿಂಗೆ?"

"ತೇವ ಅಲ್ಲ ಅಕ್ಕಾ." ಅಂಟಕ್ಕ ಎದ್ದು ನಿಂತಿದ್ದರು. "ಗೋಡೆನೂ ಅಲ್ಲ, ನೀವೂ ಅಲ್ಲ. ನಾನು ಹಚ್ಚಿದ ಟೇಪು ಅದು. ನಾನೇ ಹಾಳು ಮಾಡಿದ್ದು."

ಮಾಸ್ತರರ ಹೆಂಡತಿ ಅಂಟಕ್ಕನ ಕಡೆ ತಿರುಗಿ ಕೂತರು.

"ನಿಂಗೆ ಯಾವಾಗ ಗೊತ್ತಾಯ್ತು?"

"ಆವತ್ತೇ. ಅವರು ಕೇಳಿದ ದಿನಾನೇ."

ಮಾಸ್ತರರ ಹೆಂಡತಿ ಲೋಟ ಕೆಳಗಿಟ್ಟರು. ಚಹಾ ಅರ್ಧ ಹಾಗೇ ಇತ್ತು. "ಅವರು ಇದ್ದಾಗ ಹೇಳ್ಬೇಕಿತ್ತು ನೀನು" ಎಂದರು. ಕಾಲಿನಿಂದ ಚಪ್ಪಲಿ ತಡಕಾಡಿ ಮೆಟ್ಟಿಕೊಂಡರು. ನಾಲ್ಕು ಮೆಟ್ಟಿಲು ಇಳಿದವರು ನಿಂತು, ತಿರುಗದೆಯೇ, "ನನ್ ಮಷೀನ್ ಹೋಯ್ತಲ್ಲೇ" ಎಂದರು. ಆಮೇಲೆ ಇಳಿದುಹೋದರು.

ಮುಂದಿನ ಸಲ ಅವರು ಮೇಲೆ ಬರಲಿಲ್ಲ. ಬಟ್ಟೆಯ ಚೀಲವನ್ನು ಕೆಳಗಿನ ಸೈಕಲ್ ಶಾಪಿನವನ ಕೈಗೆ ಕೊಟ್ಟು, ಒಂದು ಮಾತನ್ನೂ ಹೇಳಿ ಕಳಿಸಿದ್ದರು: "ಮಕ್ಕಳಿಗೆ ನಾನೇನೂ ಹೇಳಿಲ್ಲ. ಅವಳೇ ಬಂದು ಹೇಳ್ಲಿ."

ಅಂಟಕ್ಕ ಹೋದರು. ಇಬ್ಬರು ಗಂಡುಮಕ್ಕಳು, ಸೊಸೆಯಂದಿರ ಎದುರು ನಿಂತೇ ಹೇಳಿದರು. ಹಿರಿಯ ಮಗ ಟಿವಿಯ ಸದ್ದು ತಗ್ಗಿಸಿ, "ಹೋಗ್ಲಿ ಬಿಡಿ, ಹಳೇ ಪುಸ್ತಕ ತಾನೇ" ಎಂದ.

ಒಳಗಿನಿಂದ ತಾಯಿಯ ದನಿ ಬಂತು: "ನನ್ನ ಆಡ್ಕೊಳ್ಳೋವಾಗ ಹಳೇ ಪುಸ್ತಕ ಆಗಿರ್ಲಿಲ್ಲ."

 ಅಂಟಕ್ಕನಿಗೆ ಯಾರೂ ಕೂರಲು ಹೇಳಲಿಲ್ಲವಂತೆ, ಹೇಳಿದ್ದರೂ ಕೂರುತ್ತಿರಲಿಲ್ಲ. ಬರುವಾಗ ಬಚ್ಚಲ ಗೋಡೆಯ ಪಕ್ಕ ಮುಸುಕು ಹಾಕಿದ ಹೊಲಿಗೆ ಮಷೀನು ಕಣ್ಣಿಗೆ ಬಿತ್ತು. "ಕಾಗದ ಆಗಿದ್ರೆ ಮನೆಗೆ ತರ್ತಿದ್ದೆ. ಕಬ್ಬಿಣಕ್ಕೆ ನಂಗೇನು ಬರುತ್ತೆ?" ಎಂದು ಕೇಳುತ್ತಾರೆ. ಉತ್ತರಕ್ಕೆ ಕಾದು ಕೇಳಿದ ಪ್ರಶ್ನೆಯಲ್ಲ ಅದು.

ಈಗಲೂ ಚೀಲ ಕೆಳಗಿನವರೆಗೆ ಬರುತ್ತದೆ, ಕೆಳಗಿನಿಂದಲೇ ಹೋಗುತ್ತದೆ. ಸ್ಟೂಲು ಕಿಟಕಿಯ ಬಳಿ ಖಾಲಿ ಇದೆ. ಅಂಟಕ್ಕ ಹರಕಿಗೆ ತೆಳು ಕಾಗದ ಕೂರಿಸಿ, ಓರೆ ಬೆಳಕಿಗೆ ಹಿಡಿದು ಪರೀಕ್ಷಿಸುತ್ತಾರೆ. ಕಲೆ ಪೂರ್ತಿ ಹೋಗುವುದಿಲ್ಲ, ತಿಳಿಯಾಗುತ್ತದೆ ಅಷ್ಟೆ. ಕಂದು ಪಟ್ಟಿಯೊಳಗಿಂದ ನಾವಿಕನ ಕಣ್ಣು ಮಸುಕಾಗಿ ಮೇಲೆದ್ದಿದೆ. ಅವರ ಕೆಲಸ ಎಲ್ಲಿದೆಯೆಂದು ನಾನು ಹುಡುಕುತ್ತೇನೆ, ಸಿಗುವುದಿಲ್ಲ. "ಸಿಗಬಾರ್ದು" ಎನ್ನುತ್ತಾರೆ. ಆ ಒಂದು ಮಾತಿನಲ್ಲಿ ಮಾತ್ರ ಸ್ವಲ್ಪ ಗತ್ತು ಇಣುಕುತ್ತದೆ.

ಈ ಬರಹ ಬೇಡವೆಂದರೆ ನಿಲ್ಲಿಸುತ್ತೇನೆ ಎಂದಿದ್ದೆ. ಅಂಟಕ್ಕ ಎರಡು ದಿನ ಯೋಚಿಸಿ ಫೋನ್ ಮಾಡಿದರು.

"ಬರೀರಿ. ಆದ್ರೆ ನನ್ನ ಹೊಗಳೋಕಲ್ಲ. ಗೋಡೆ ತಪ್ಪಲ್ಲ, ಆಯಮ್ಮನ ತಪ್ಪಲ್ಲ ಅಂತ ಅಚ್ಚಲ್ಲಿ ಬರ್ಬೇಕು. ನಾನು ಬಾಯಲ್ಲಿ ಹೇಳಿದ್ದು ಆ ಮನೆಯವರಿಗೆ ನಾಳೆ ಮರೆತುಹೋಗುತ್ತೆ. ಪೇಪರಲ್ಲಿ ಬಂದ್ರೆ ಆಯಮ್ಮ ಕತ್ತರಿಸಿ ಇಟ್ಕೋತಾರೆ."

ಸರಿ ಎಂದೆ. ಫೋನ್ ಇಡುವ ಮುಂಚೆ ಅವರು ಮತ್ತೆ ಕರೆದರು.

"ಕೊನೇಲಿ ಒಂದು ಸಾಲು ಹಾಕಿ, ಮರೀಬೇಡಿ. ಕತ್ತರಿಸಿ ಇಟ್ಕೊಳ್ಳೋರು ಇದಕ್ಕೆ ಟೇಪ್ ಹಚ್ಬೇಡಿ ಅಂತ."